ಥ್ರೆಲ್‌ಫಾಲ್ ಮನೆಯ ಮಂಚ

ಲ್ಯಾಂಕಸ್ಟರ್, 3 ನವೆಂಬರ್ 1819

ಬೆಳಿಗ್ಗೆ ಥ್ರೆಲ್‌ಫಾಲ್ ಸಾಹೇಬರ ಮನೆ. ಮಹಾಗನಿ ಮಂಚದ ನಾಲ್ಕೂ ಕಂಬ ಅಳೆದೆ. ಏಳಡಿ, ಎಲ್ಲೂ ಗಂಟಿಲ್ಲ. ಇಂಥ ಮರ ಈಗ ಹಡಗಲ್ಲಿ ಬರೋದೇ ಇಲ್ಲ. ಮಂಚದ ಮೇಲೆ ಅವರ ಹೆಂಡತಿ — ಕೆಮ್ಮು, ಕರ್ಪೂರದ ವಾಸನೆ. ಅವರ ತಲೆ ಮೇಲಿಂದ ಬಗ್ಗಿ ಅಳತೆ ದಾರ ಹಿಡಿದೆ. ಯಾಕೆ ಅಂತ ಕೇಳಿದ್ರು. ಕೀಲು ಸಡಿಲ, ಬಿಗಿ ಮಾಡ್ತಾನೆ ಅಂದ್ರು ಗಂಡ. ನಾನೂ ತಲೆಯಾಡಿಸಿದೆ.

10 ನವೆಂಬರ್

ಸಾಹೇಬರ ಜೊತೆ ಮಿಸ್ ಫೆನ್ವಿಕ್ ನಮ್ಮ ಮರಗೆಲಸದ ಕಾರ್ಖಾನೆಗೆ ಬಂದಿದ್ದಳು. ಇಪ್ಪತ್ತೊಂದಿರಬಹುದು. ಅಣ್ಣನ ಮಗಳಂತೆ... ಕೆಲಸದವರೆಲ್ಲ ನಗು ನುಂಗಿದ್ರು. ಹಳೇ ಕಂಬಗಳನ್ನೇ ತೆಳ್ಳಗೆ ಹೆರೆದು, ಲಿಲ್ಲಿ ಹೂವಿನ ಸಾಲು ಕೆತ್ತಿ, ಹೊಸ ಮಂಚ ಆಗಬೇಕು. ಹೂವು ಆರಿಸಿದ್ದು ಅವಳೇ. ಹಾಸಿಗೆ ಮಾತ್ರ ಹೊಸದಿರಲಿ ಅಂದಳು. ಅಮ್ಮಾವ್ರು ಕ್ರಿಸ್‌ಮಸ್‌ವರೆಗೆ ಅಷ್ಟೇ ಅಂತ ಡಾಕ್ಟರು ಹೇಳಿದಾರಂತೆ.

29 ಡಿಸೆಂಬರ್

ಇನ್ನೂ ಹೋಗಿಲ್ಲ. ಸಾಹೇಬರಿಗೆ ಸಿಡಿಮಿಡಿ. ಕರೆಸಿ, ಕಂಬ ಇವತ್ತೇ ಬಿಚ್ಚು ಅಂದ್ರು. ಅಮ್ಮಾವ್ರು ಮಂಚದ ಮೇಲೇ ಇದಾರಲ್ಲ ಅಂದೆ.

"ಸಾಯೋದಕ್ಕೆ ಕಂಬ ಯಾಕೆ?"

ಅಮ್ಮಾವ್ರನ್ನ ನಾನೇ ಎತ್ತಿಕೊಂಡು ಕೆಳಗಿಳಿದೆ. ಅಡುಗೆಮನೆ ಪಕ್ಕದ ಕೋಣೆ, ಆಳುಗಳ ಮಂಚ. ಒಂದು ಕುರ್ಚಿಯಷ್ಟೂ ಭಾರವಿಲ್ಲ. ಮಂಚ ಯಾವಾಗ ತಂದುಕೊಡ್ತೀಯ ಅಂದ್ರು. ಹದಿನೈದು ದಿನ ಅಂದೆ. ದೇವರು ನಿನಗೆ ಒಳ್ಳೇದು ಮಾಡ್ಲಿ ಅಂದ್ರು — ನನಗೆ.

17 ಜನವರಿ 1820

ಇಷ್ಟು ಚೆನ್ನಾಗಿ ಯಾವತ್ತೂ ಕೆತ್ತಿಲ್ಲ. ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತೆ. ಖುಷಿಯೂ ಆಗುತ್ತೆ. ಛೀ.

1 ಮಾರ್ಚ್, ಮಧ್ಯಾಹ್ನ

ಬಾಗಿಲಲ್ಲಿ ಥ್ರೆಲ್‌ಫಾಲ್ ಅಮ್ಮಾವ್ರು. ನಡೆದುಕೊಂಡೇ ಬಂದಿದಾರೆ. ಅಡುಗೆಮನೆಯ ಬಿಸಿಗೆ ಕೆಮ್ಮು ಬಿಟ್ಟಿತಂತೆ. ನಮ್ಮ ಕಾರ್ಖಾನೆ ಯಜಮಾನರು ಹಿಂದಿನ ಬಾಗಿಲಿಂದ ಜಾರಿಕೊಂಡ್ರು.

ಮಂಚ ಎಲ್ಲಿ ಅಂದ್ರು. ತೋರಿಸಿದೆ. ಯಾರಿಗೆ ಅಂದ್ರು. ಎಲ್ಲಾ ಹೇಳಿಬಿಟ್ಟೆ.

"ಹೂವು ಇರಲಿ ಹೆಸ್ಕೆತ್. ಅವಳು ಆರಿಸಿದ್ದು, ನಾನು ಮಲಗ್ತೀನಿ. ಶನಿವಾರ ತಂದು ಜೋಡಿಸು. ದಿನಾ ನೋಡ್ಲಿ ಅವರು."

ನಗ್ತಾನೇ ಇದ್ರು. ಕೈ ಕಂಬದ ಮೇಲೆ ಓಡಾಡ್ತಿತ್ತು. ಸೊಂಟದೆತ್ತರಕ್ಕೆ ಬಂದು ನಿಂತಿತು. ತಡಕಾಡಿತು. ಇನ್ನೊಂದು ಕಂಬ. ಮತ್ತೊಂದು. ನಗು ಹೋಯ್ತು.

"ಇಲ್ಲಿ ಚಾಕುವಿನ ಗೆರೆ ಇದ್ದವು. ಆರು."

ಇದ್ದವು. ಯಾರೋ ಗೀಚಿ ಮರ ಕೆಡಿಸಿದಾರೆ ಅಂದುಕೊಂಡು ಮೊದಲ ದಿನವೇ ಹೆರೆದು ಹಾಕಿದ್ದೆ. ಅವರ ಮಗ ಜೈಲ್ಸ್ — ಪ್ರತಿ ಹುಟ್ಟುಹಬ್ಬಕ್ಕೂ ಕಂಬಕ್ಕೆ ಒರಗಿಸಿ ಎತ್ತರ ಗುರುತು ಹಾಕ್ತಿದ್ರಂತೆ. ಕಾಯಿಲೆ ಬಿದ್ದ, ಏಳನೇ ಹುಟ್ಟುಹಬ್ಬ ಬರಲಿಲ್ಲ.

ಹೆರೆದ ಸಿಪ್ಪೆ ಎಲ್ಲಿ ಅಂದ್ರು. ಒಲೆಗೆ ಹಾಕ್ತೀವಿ ಅಂದೆ.

"ಮತ್ತೆ ಹಾಕು ಹಾಗಾದ್ರೆ."

ಎಷ್ಟು ಎತ್ತರಕ್ಕೆ ಅಂತ ಕೇಳಿದೆ. ಕೈ ಚಾಚಿ ತೋರಿಸಿದ್ರು. ಸ್ವಲ್ಪ ಎತ್ತಿದ್ರು. ಇಳಿಸಿದ್ರು. ಕೈ ಹಾಗೇ ಗಾಳಿಯಲ್ಲಿ ಹಿಡಿದು ತುಂಬಾ ಹೊತ್ತು ನಿಂತ್ರು.

3 ಮಾರ್ಚ್, ಶುಕ್ರವಾರ

ನಾಳೆ ಜೋಡಿಸಬೇಕು. ಸಾಹೇಬರನ್ನ ಕೇಳೋಣ ಅಂತ ಹೋದೆ — ತಂದೆಯಲ್ವಾ. ಯಾವ ಗೆರೆ ಅಂದ್ರು.

ವಾಪಸ್ ಬಂದು ಅಂದಾಜಿಗೆ ಒಂದು ಹಾಕಿದೆ. ಆರನೇದು. ಮೂರಡಿ ಎಂಟು ಅಂಗುಲ. ದೂರ ನಿಂತು ನೋಡಿದೆ. ಜಾಸ್ತಿ ಆಯ್ತು ಅನ್ಸುತ್ತೆ. ಕಾಯಿಲೆಯ ಹುಡುಗ, ಅಷ್ಟು ಬೆಳೆದಿರಲ್ಲ. ಅದನ್ನ ಹೆರೆದು, ಅರ್ಧ ಅಂಗುಲ ಕೆಳಗೆ ಚಾಕು ಇಟ್ಟರೆ, ಈಗ ಕಮ್ಮಿ ಆಯ್ತು ಅನ್ಸುತ್ತೆ.