ಮಾವನ ಕೆಮ್ಮು

೨೮ ಜನವರಿ, ಬುಧವಾರ. ಬ್ಯಾಡಗಿ.

ಯಾವುದೋ ವಿಡಿಯೋ ನಮ್ಮ ಮನೆಯಿಂದ ಹೋಗಿದೆಯೆಂದು ಇಬ್ಬರು ಪೊಲೀಸರು ಬಂದು ನನ್ನ ಲ್ಯಾಪ್‌ಟಾಪ್ ಕೇಳಿದರು. ನಾನು ಅದನ್ನು ಎದೆಗವುಚಿಕೊಂಡು ಒಳಕೋಣೆಯ ಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಮಾವ ಅವರನ್ನು ಕೂರಿಸಿ ಚಹಾ ಕೊಟ್ಟರು.

“ಕೋರ್ಟಿನ ವಾರಂಟ್ ತಂದೀರೇನ್ರಿ?”

“ಸುಮ್ನ ಒಮ್ಮೆ ನೋಡಾಕ ವಾರಂಟ್ ಯಾಕ, ಬುಡನಸಾಬ್ರ?”

“ನಾ ಈ ಮನಿ ಯಜಮಾನ. ನಾನೂ ಹೊರಗ ನಿಂತು ಕೆಮ್ಮಿ, ಸೊಸಿ ಬರ್ರಿ ಅಂದ ಮ್ಯಾಲೇ ಆಕಿ ಕೋಣಿಗೆ ಹೋಗ್ತೇನ್ರಿ. ಆ ಲ್ಯಾಪ್‌ಟಾಪೂ ಆಕಿ ಕೋಣೀನ.”

ವಾರಂಟ್ ತಂದೇ ಬರುತ್ತೇವೆ ಎಂದು ಹೋದರು. ಬರಲಿ. ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ಇಲ್ಲ, ಇರುವುದು ಈ ದಿನಚರಿ. ಮದುವೆಯಾದ ಹೊಸತರಲ್ಲಿ ಬರೆದ ಸಾಲೂ ಇದೆ: ‘ಊರೆಲ್ಲ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತದೆ. ಈ ಮಾವ ಮಾತ್ರ ನನ್ನನ್ನು ಕಾಡಲೆಂದೇ ಕೆಮ್ಮುತ್ತಾರೆ.’

ನಾಚಿಕೆಯಾಗಿ, ಆ ಸಾಲು ಅಳಿಸಲೆಂದೇ ಕುಳಿತೆ. ಅಷ್ಟರಲ್ಲಿ ಬಾಗಿಲಾಚೆ ಕೆಮ್ಮು.

“ಊಟಾ ಆತೇನು, ಬೇಟಿ?”

ಲ್ಯಾಪ್‌ಟಾಪ್ ಮುಚ್ಚಲು ಹೋದ ಕೈ ತಾನಾಗಿ ನಿಂತಿತು. ತೆರೆದೇ ಬಿಟ್ಟು, “ಬರ್ರಿ, ಅಬ್ಬಾ” ಎಂದೆ.

ಬಂದವರು ಲ್ಯಾಪ್‌ಟಾಪಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕುಳಿತರು.