ತಾತನ ಪಿಯಾನೊಗೆ ಬೆಲೆ ಕಟ್ಟಿದ ದಿನ

ಗುಂಡ್ಲುಪೇಟೆ
೧೨ ಜೂನ್ ೨೦೨೫, ಗುರುವಾರ

ನನ್ನ ಮುದ್ದಿನ ತಾತನಿಗೆ,

ನಿಮ್ಮ ಮೊಮ್ಮಗನ ಹೆಂಡತಿ ಶಿವರಂಜಿನಿಯ ನಮಸ್ಕಾರಗಳು. ಆಪರೇಷನ್ ಆದ ಕಣ್ಣು ಹೇಗಿದೆ? ಹೊಸ ಕನ್ನಡಕ ಬಂತಂತೆ, ಅದಕ್ಕೇ ಇಷ್ಟು ದಪ್ಪ ಅಕ್ಷರ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಇದು ಕೂಗಿ ಹೇಳುವ ವಿಷಯವೂ ಅಲ್ಲ. ಚಾಮರಾಜನಗರದಲ್ಲಿ ಮಗಳ ಮನೆಯ ಊಟ ಎಷ್ಟೇ ರುಚಿಯಾಗಿರಲಿ, ಬೇಗ ಬಂದುಬಿಡಿ.

ತಾತ, ನನಗೆ ಎಷ್ಟು ಕೋಪ ಬಂದಿದೆ ಎಂದರೆ ಬೆಳಿಗ್ಗೆಯಿಂದ ಎರಡು ಸಲ ಹಾಲು ಉಕ್ಕಿಸಿದ್ದೇನೆ. ನಿನ್ನೆ ಮಾವ, ಪೆಡಲ್ ತುಳಿದರೆ ತಾನೇ ನುಡಿಯುವ ನಿಮ್ಮ ಪಿಯಾನೊಗೆ ಬೆಲೆ ಕಟ್ಟಿಸಲು ಹಳೇ ಸಾಮಾನಿನ ವ್ಯಾಪಾರಿಯೊಬ್ಬನನ್ನು ಕರೆಸಿದ್ದರು. ನಡುಮನೆಯಲ್ಲಿ ಸೋಫಾಗೆ ಜಾಗ ಬೇಕಂತೆ. ಆ ಸೋಫಾ ಮದುವೆಗೆ ನನ್ನ ತವರಿನವರೇ ಕೊಟ್ಟದ್ದು ಎಂದು ನೆನೆದರೆ ಮೈ ಉರಿಯುತ್ತದೆ. ಆತ ಟಾರ್ಚ್ ಬಿಟ್ಟು ಒಳಗಿನ ನಂಬರ್ ನೋಡಿ, ಇಂಥವು ಸಾವಿರಗಟ್ಟಲೆ ತಯಾರಾಗಿವೆ, ಅಪರೂಪವೇನಲ್ಲ ಎಂದ. ಗಾಳಿ ಎಳೆಯುವ ತಿದಿಗೆ ನೀವು ತಮಟೆಯ ಚರ್ಮದ ತೇಪೆ ಹಾಕಿದ್ದನ್ನು ನೋಡಿ ಮೂಗು ಮುರಿದ. ಊಟಿಯ ಬಂಗಲೆಯ ದೊರೆ ನಿಮಗೆ ಸಂಬಳದ ಬದಲು ಕೊಟ್ಟುಹೋದ, ಉಸಿರೇ ನಿಂತಿದ್ದ ಪಿಯಾನೊ ಇಂದಿಗೂ ನುಡಿಯುವುದು ಆ ತೇಪೆಯಿಂದಲೇ ಅಲ್ಲವೇ?

ಇದನ್ನಾದರೂ ಸಹಿಸಿದೆ. ಆಮೇಲೆ ಪಿಯಾನೊಗೆ ಹಾಡು ಹೇಳಿಕೊಡುವ, ತೂತು ಕೊರೆದ ಕಾಗದದ ಸುರುಳಿಗಳನ್ನು ಎಣಿಸತೊಡಗಿದ. ಕಂಪನಿಯ ಹನ್ನೊಂದಕ್ಕೂ ಬೆಲೆ ಬರೆದ. ಅಜ್ಜಿಯ ಜೋಗುಳ ಕೇಳಿ ಕೇಳಿ ನೀವೇ ಉಳಿಯಿಂದ ಕೊರೆದ ಹನ್ನೆರಡನೆಯದಕ್ಕೆ ಸೊನ್ನೆ. ಪ್ರಪಂಚದಲ್ಲೇ ಒಂದೇ ಒಂದು ಇರುವುದಕ್ಕೆ ಸೊನ್ನೆ! ನಾನು ಅದನ್ನೇ ಹಾಕಿ ಪೆಡಲ್ ತುಳಿದೆ. ನಡುವೆ ಒಂದು ಕಡೆ ಸದ್ದು ನಿಲ್ಲುತ್ತದಲ್ಲ, ಅಲ್ಲಿ ಆತ ಕೈಯೆತ್ತಿ, "ನೋಡಿ, ತೂತು ಹಾಕೋದನ್ನೇ ಮರೆತಿದ್ದಾರೆ" ಎಂದ. ಮಾವ ತಲೆ ತಗ್ಗಿಸಿದರು. ಜೋಗುಳದ ಆ ಸಾಲು ಮತ್ತೆ ಬಂತು, ಮತ್ತೆ ಅಲ್ಲೇ ನಿಂತಿತು. ಆಗ ಅಡುಗೆಮನೆಯಿಂದ ಅತ್ತೆ, ಸೊಪ್ಪು ಬಿಡಿಸುತ್ತಲೇ, "ಕುಮಾರಾ" ಎಂದು ನಿಮ್ಮ ಮೊಮ್ಮಗನ ಹೆಸರನ್ನೇ ಹಾಡಿಬಿಟ್ಟರು. ತಾತ, ಅದು ಎಷ್ಟು ಸರಿಯಾಗಿ ಕೂತಿತು ಗೊತ್ತೇ! ನಾನು ಕಾಲು ಆಡಿಸುವುದನ್ನೇ ಮರೆತೆ.

"ಅದು ಹೆಸ್ರಿನ ಜಾಗ ಕಣಮ್ಮಿ," ಎಂದರು ಅತ್ತೆ. "ನಮ್ಮತ್ತೆ ಯಾವ ಕೂಸ್ನ ಮಲಗುಸ್ತಿದ್ರೋ ಅದ್ರ ಹೆಸ್ರ ಹೇಳೋರು. ಅದ್ಕೇ ಬುಟ್ಟವ್ರೆ."

ವ್ಯಾಪಾರಿ ಮಾತ್ರ ಸೊನ್ನೆಯನ್ನು ತಿದ್ದಲಿಲ್ಲ. ಕಾಫಿಯನ್ನು ಮಾತ್ರ ಎರಡು ಸಲ ಕೇಳಿ ಕುಡಿದ.

ನಿಮ್ಮ ಮಗಳು ಸುಧಾಮಣಿ ಅತ್ತೆಗೂ ನಮಸ್ಕಾರ. ಕಣ್ಣಿಗೆ ಹನಿ ಹಾಕಿಸಿಕೊಳ್ಳುವಾಗ ಅವರ ಜೊತೆ ಜಗಳವಾಡಬೇಡಿ.

ನಿಮ್ಮ ಕೋಪಿಷ್ಠ ಮೊಮ್ಮಸೊಸೆ,
ಶಿವರಂಜಿನಿ

ಮರೆತಿದ್ದೆ: ಭಾನುವಾರ ಮಾವ ಬಾಳೆಹಣ್ಣು ಹಿಡಿದು ನಿಮ್ಮ ಒಪ್ಪಿಗೆ ಕೇಳಲು ಬರುತ್ತಾರೆ. ಹಣ್ಣು ತಿನ್ನಿ, ಹೂಂ ಅನ್ನಬೇಡಿ. ಜನವರಿಗೆ ನನಗೆ ಆ ಜೋಗುಳ ಬೇಕು. ಇವರೊಬ್ಬರನ್ನು ಬಿಟ್ಟು ಇನ್ನೂ ಯಾರಿಗೂ ಹೇಳಿಲ್ಲ. ಹೆಸರು ನೀವೇ ಯೋಚಿಸಿಡಿ. ಮೂರು ಅಕ್ಷರ ಮೀರದಿರಲಿ, ನೀವು ಬಿಟ್ಟಿರುವ ಜಾಗ ಅಷ್ಟೇ ಇದೆ. ಹಾಡಿ ನೋಡಿದ್ದೇನೆ.