ಮೇಜಿನ ಸ್ಕ್ರೂ ಸಡಿಲಿಸುವ ಬಗ್ಗೆ

ಝ್ರೆನ್ಯಾನಿನ್,
ಅಕ್ಟೋಬರ್ 3, ಶುಕ್ರವಾರ

ನನ್ನ ಬಂಗಾರದ ದುನ್ಯಾ,

ನೀನು, ಅಳಿಯ ರೇಲ್ಯಾ, ನಿಮ್ಮತ್ತೆ ಜ್ಲಾತಾ ಮೂವರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕೆಮ್ಮು ಹೋಯಿತೇ? ಹೋಗದಿದ್ದರೆ ನೀನು ಕೆಲಸ ಮಾಡುವ ಔಷಧದಂಗಡಿಯ ಮಾತ್ರೆಯನ್ನೇ ನಂಬಿ ಕೂರಬೇಡ, ಲಿಂಡನ್ ಹೂವಿನ ಚಹಾ ಕುಡಿ. ಆಗಸ್ಟಿನಲ್ಲಿ ನಿಮ್ಮಲ್ಲಿಂದ ಹೊರಟಾಗ ಊರು ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆ ಅಂದಿದ್ದೆ. ಹಾಕಲಿಲ್ಲ, ತಪ್ಪಾಯಿತು. ಮೂರು ಸಲ ಪೆನ್ನು ಹಿಡಿದು ಕೂತೆ, ಮೂರು ಸಲವೂ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಖಾಲಿ ಹಾಳೆ ಕಂಡರೆ ಈಗಲೂ ಮೇಷ್ಟ್ರು ಬೆನ್ನ ಹಿಂದೆ ನಿಂತ ಹಾಗೆ ಆಗುತ್ತದೆ.

ಫೋನು ಮಾಡಬಹುದಿತ್ತು ಅನ್ನುತ್ತೀಯ. ಮಂಗಳವಾರ ಮಾಡಿದೆನಲ್ಲ. "ಅಮ್ಮಾ, ಕೌಂಟರಿನಲ್ಲಿದ್ದೀನಿ, ಜನ ನಿಂತಿದ್ದಾರೆ, ಸಂಜೆ ಮಾಡ್ತೀನಿ" ಅಂದೆ ನೀನು. ಸಂಜೆ ಮಾಡಿದೆ ಕೂಡ. ಆದರೆ ಹಿಂದಿನಿಂದ ನಿಮ್ಮತ್ತೆಯ ದನಿ ಕೇಳಿಸಿತು, ನಾನು ಮೆಣಸಿನಕಾಯಿಯ ಬೆಲೆ ಮಾತಾಡಿ ಇಟ್ಟುಬಿಟ್ಟೆ. ಇದು ಫೋನಿನಲ್ಲಿ ಹೇಳುವ ವಿಷಯವೂ ಅಲ್ಲ. ಫೋನಿನಲ್ಲಿ ಹೇಳಿದರೆ ನೀನು "ಆಯ್ತಮ್ಮ, ಆಯ್ತಮ್ಮ" ಅನ್ನುತ್ತೀಯ, ಕೆಲಸ ಆಗುವುದಿಲ್ಲ.

ವಿಷಯ ಇಷ್ಟು. ನಾನು ಮಾಡಿಕೊಟ್ಟ ಮೇಜು ಒಡೆಯುತ್ತದೆ. ಇನ್ನೂ ಒಡೆದಿರಲಿಕ್ಕಿಲ್ಲ. ಹದಿನೈದನೇ ತಾರೀಖು ಮನೆ ಬೆಚ್ಚಗಿಡಲು ಊರಿಗೆಲ್ಲ ರೇಡಿಯೇಟರಿಗೆ ಬಿಸಿನೀರು ಬಿಡುತ್ತಾರಲ್ಲ, ಅದಾದ ಮೇಲೆ ಒಂದು ವಾರವೋ ಎರಡು ವಾರವೋ, ನಡುಮಧ್ಯದಲ್ಲಿ ಸೀಳುತ್ತದೆ. ಅದಕ್ಕೆ ಮೊದಲು ಅದನ್ನು ತಿರುವಿ ಹಾಕಿ ಸ್ಕ್ರೂ ಸಡಿಲ ಮಾಡಬೇಕು. ನಿಲ್ಲು, ಗಾಬರಿಯಾಗಬೇಡ. ಗಾಬರಿಯನ್ನು ನಾನು ಇಬ್ಬರಿಗೂ ಸಾಕಾಗುವಷ್ಟು ಮಾಡಿಕೊಂಡಿದ್ದೇನೆ.

ಹೇಗೆ ಗೊತ್ತಾಯಿತು ಹೇಳುತ್ತೇನೆ. ನಮ್ಮ ಗ್ಯಾರೇಜು ಸಾಲಿನ ಕೊನೆಯ ಗ್ಯಾರೇಜಿನ ಶಾಂಡರ್ ಬಾಚಿ ನಿನಗೆ ನೆನಪಿರಬೇಕು. ನಿನ್ನ ಗೊಂಬೆಗೆ ಮಂಚ ಮಾಡಿಕೊಟ್ಟಿದ್ದ ಹಂಗೇರಿಯವರು, ಅವರ ಮಾತಿನಲ್ಲಿ ಬಾಚಿ ಎಂದರೆ ಚಿಕ್ಕಪ್ಪ ಎಂದು ನಿನಗೆ ಕಲಿಸಿದವರು. ಈ ಬೇಸಿಗೆಯೆಲ್ಲ ಅವರು ಮಂಡಿನೋವಿಗೆಂದು ಬಿಸಿನೀರಿನ ಬುಗ್ಗೆಯ ಊರಿನಲ್ಲಿದ್ದರು. ನಾನು ಮೇಜು ಮಾಡುವಾಗ ಕೇಳಲಿಕ್ಕೆ ಇದ್ದವನು ಪಕ್ಕದ ಗ್ಯಾರೇಜಿನ ವುಕೋಮಾನ್ ಒಬ್ಬನೇ. ಅವನೋ, ಕೇಳದಿದ್ದರೂ ಹೇಳುವವನು. ಜುಲೈನಲ್ಲಿ ನಾನು ಮೇಲಿನ ಹಲಗೆ ಕೂರಿಸುತ್ತಿದ್ದರೆ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ಮೇಸ್ತ್ರಮ್ಮಾ, ಇನ್ನೊಂದು ಸುತ್ತು! ಹಲಗೆ ಕುಂಯ್ ಅನ್ನೋ ತನಕ ತಿರುಗ್ಸು! ಭೂಕಂಪ ಆದ್ರೂ ಮಗಳ ಮೇಜು ಅಲ್ಲಾಡಬಾರದು!"

ನಾನು ತಿರುಗಿಸಿದೆ. ಅಂಗೈಗೆ ಬೊಬ್ಬೆ ಬಂತು. ಭೂಕಂಪ ಅಂದದ್ದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು, ನಿಜ ಹೇಳಬೇಕೆಂದರೆ ಅವನು ಹೋದ ಮೇಲೆ ಇನ್ನೂ ಒಂದೊಂದು ಸುತ್ತು ಬಿಗಿ ಮಾಡಿದೆ.

ಹೋದ ಶನಿವಾರ ಸಾಲಿನವರೆಲ್ಲ ಗ್ಯಾರೇಜುಗಳ ಮುಂದೆ ಚಳಿಗಾಲದ ಅಯ್ವರ್ ಚಟ್ನಿ ಮಾಡಲು ಮೆಣಸಿನಕಾಯಿ ಸುಡುತ್ತಿದ್ದೆವು. ನಿಮ್ಮಪ್ಪನ ಪಾಲಿಗೆ ಕಾಯಿ ತಿರುವುವ ಕೆಲಸ. ಶಾಂಡರ್ ಬಾಚಿ ಕೋಲು ಊರಿಕೊಂಡು ಬಂದು ಕಾಫಿ ಹಿಡಿದು ಕೂತರು. ನಾನಾಗಿಯೇ ಮೇಜಿನ ಸುದ್ದಿ ತೆಗೆದೆ. ಜಂಭ ಅಂತಲೇ ಇಟ್ಟುಕೋ.

"ಮೇಲಿನ ಹಲಗೆ ಹೆಂಗ್ ಹಿಡಿಸ್ದೆ ಸ್ತಾಮೆನ್ಕಾ?" ಎಂದು ಕೇಳಿದರು.

"ಹತ್ತು ಸ್ಕ್ರೂ ಬಾಚಿ. ಭದ್ರವಾಗಿ."

"ತೂತು ಎಷ್ಟು ಅಗಲ?"

"ಸ್ಕ್ರೂ ಎಷ್ಟೋ ಅಷ್ಟೇ."

ಅವರು ಕಾಫಿ ಲೋಟ ನೆಲದ ಮೇಲಿಟ್ಟರು. "ಈಗ ಎಲ್ಲಿದೆ ಅದು?"

"ನೀಶಿನಲ್ಲಿ, ದುನ್ಯಾ ಮನೇಲಿ."

"ರೇಡಿಯೇಟರು?"

"ದೊಡ್ಡ ಕೋಣೇಲೇ ಎರಡಿವೆ."

"ಅಯ್ಯೋ ದೇವ್ರೇ" ಎಂದರು. ವುಕೋಮಾನನಿಗೆ ಉರಿಯಿತು.

"ಏನ್ ಅಯ್ಯೋ? ಅದೇನು ಹಸುವಾ, ಹಗ್ಗ ಬಿಚ್ಚಿ ಮೇಯೋಕೆ ಬಿಡೋಕೆ? ಮೇಜು ಅಂದ್ಮೇಲೆ ಬಿಗಿಯಾಗೇ ಇರ್ಬೇಕು."

"ಮರ ಕಡಿದ್ಮೇಲೂ ಉಸಿರಾಡ್ತದೆ ಕಣಯ್ಯಾ. ಬಿಸಿಗೆ ಸೊರಗ್ತದೆ, ಮಳೆಗಾಲಕ್ಕೆ ಉಬ್ತದೆ. ಎರಡೂ ಅಂಚು ಹಿಡ್ಕೊಂಡು ಬಿಟ್ರೆ ಅದು ಎಲ್ಲಿಗೆ ಹೋಗ್ಬೇಕು? ನಡುವೆ ಹರ್ಕೋತದೆ."

"ನಾನು ನಲವತ್ತು ವರ್ಷ ಟ್ರ್ಯಾಕ್ಟರ್ ಬಿಗಿ ಮಾಡಿದ್ದೀನಿ. ಒಂದಾದ್ರೂ ಹರ್ಕೊಂಡಿದ್ದು ಉಂಟಾ?"

"ಅವನ್ನೂ ಓಕ್ ಮರದಲ್ಲಿ ಮಾಡಿದ್ರಾ?"

ನಿಮ್ಮಪ್ಪ ನಕ್ಕು ನಕ್ಕು ಒಂದು ತಟ್ಟೆ ಕಾಯಿ ಕರಕಲು ಮಾಡಿದರು. ನನಗೆ ನಗು ಬರಲಿಲ್ಲ. ಟೆಲಿಫೋನು ಇಡಲೆಂದು ನಾನು ಮಾಡಿದ್ದ ಪುಟ್ಟ ಮೇಜು ಹೋದ ಚಳಿಗಾಲದಲ್ಲಿ ಢಬ್ ಎಂದು ಸೀಳಿತ್ತು, ನಿನಗೆ ಹೇಳಿರಲಿಲ್ಲ. ಕಿಟಕಿ ಒಡೆಯಿತೆಂದು ನಿಮ್ಮಪ್ಪ ಪೊರಕೆ ಹಿಡಿದು ಬಂದಿದ್ದರು. ಹಲಗೆಯೇ ಕೆಟ್ಟದ್ದು ಎಂದುಕೊಂಡು ಅಂಟಿಗೆ ಮರದ ಪುಡಿ ಕಲಸಿ ಬಿರುಕು ತುಂಬಿ ಸುಮ್ಮನಾಗಿದ್ದೆ. ಹಲಗೆಯ ತಪ್ಪಲ್ಲ, ನನ್ನದು. ಅದನ್ನೂ ಹೀಗೆಯೇ ಬಿಗಿದಿದ್ದೆ. ಒಂದು ಸಲ ಪೆಟ್ಟು ತಿಂದ ಮೇಲಾದರೂ ಯಾರನ್ನಾದರೂ ಕೇಳಬೇಕಿತ್ತು. ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿದವಳು ನಾನು. ಹಿಟ್ಟು ಉಬ್ಬುವುದಕ್ಕೆ ಪಾತ್ರೆಯಲ್ಲಿ ಜಾಗ ಬಿಡಬೇಕೆಂದು ಗೊತ್ತು, ಮರಕ್ಕೆ ಬಿಡಬೇಕೆಂದು ಹೊಳೆಯಲೇ ಇಲ್ಲ.

ಇನ್ನೊಂದು ಇದೆ. ಆ ಓಕ್ ಹಲಗೆಗಳು ವುಕೋಮಾನನ ಗ್ಯಾರೇಜಿನಲ್ಲಿ ಆರು ವರ್ಷ ಒರಗಿದ್ದವು, ಒಣಗಿವೆ ಎಂದೇ ತಿಳಿದಿದ್ದೆ. ಗ್ಯಾರೇಜಿನಲ್ಲಿ ಒಣಗಿದ್ದು ಬಿಸಿ ಕೋಣೆಯ ಲೆಕ್ಕಕ್ಕೆ ಇನ್ನೂ ಹಸಿಯೇ ಅಂತೆ. ತೊಂಬತ್ತು ಸೆಂಟಿಮೀಟರು ಅಗಲದ ಮೇಜು ಅರ್ಧ ಬೆರಳಗಲ ಸೊರಗುತ್ತದೆ ಎಂದರು ಬಾಚಿ. ಅರ್ಧ ಬೆರಳು! ಇದನ್ನು ಕೇಳಿದಂದಿನಿಂದ ಕ್ಯಾಲೆಂಡರ್ ನೋಡಲು ಹೆದರಿಕೆ.

ಈಗ ಮಾಡಬೇಕಾದ್ದು ಓದು. ರೇಲ್ಯಾನಿಗೂ ಓದಿ ಹೇಳು. ನೆಲಕ್ಕೆ ಕಂಬಳಿ ಹಾಸಿ, ಇಬ್ಬರೂ ಸೇರಿ ಮೇಜನ್ನು ಮೊದಲು ಮಗ್ಗುಲಿಗೆ ವಾಲಿಸಿ, ಆಮೇಲೆ ಬೋರಲು ಹಾಕಿ. ಒಬ್ಬಳೇ ಎತ್ತಲು ಹೋಗಬೇಡ, ಐವತ್ತು ಕಿಲೋ ಮೇಲಿದೆ. ರೇಲ್ಯಾನ ಸೊಂಟವೂ ಜೋಪಾನ, ಮಂಡಿ ಬಗ್ಗಿಸಿ ಎತ್ತಲಿ. ಕಾಲುಗಳನ್ನು ಹಿಡಿದ ಚೌಕಟ್ಟಿನ ಒಳಮಗ್ಗುಲಿಗೆ ಮರದ ಪಟ್ಟಿ ಕಾಣುತ್ತದೆ, ಅದರ ಮೂಲಕ ಹಲಗೆಗೆ ಸ್ಕ್ರೂ ಹಾಕಿದ್ದೇನೆ. ಉದ್ದದ ಪಟ್ಟಿಗಳಲ್ಲಿ ನಾಲ್ಕು ನಾಲ್ಕು, ಗಿಡ್ಡ ಪಟ್ಟಿಗಳಲ್ಲಿ ನಟ್ಟನಡುವೆ ಒಂದೊಂದು. ಆ ಗಿಡ್ಡ ಪಟ್ಟಿಯ ಎರಡನ್ನು ಮುಟ್ಟಬೇಡಿ, ಅವು ಮೇಜಿನ ನಡುವನ್ನು ಹಿಡಿದಿರಲಿ. ಉಳಿದ ಎಂಟನ್ನು ಬಿಚ್ಚಿ. ಬರದಿದ್ದರೆ ಮೊದಲು ಒಂಚೂರು ಬಿಗಿ ಮಾಡಿ ಆಮೇಲೆ ಬಿಚ್ಚಿ, ತಲೆ ಸವೆಯುವಂತೆ ಒತ್ತಾಡಬೇಡಿ. ಬಿಚ್ಚಿದ ಮೇಲೆ ಪಟ್ಟಿಯ ತೂತನ್ನು ಅರದಿಂದ ಉಜ್ಜಿ ಅಗಲ ಮಾಡಬೇಕು, ಮೇಜಿನ ಅಗಲದ ದಿಕ್ಕಿಗೆ, ಆಚೆಗೂ ಈಚೆಗೂ ಬೀನ್ಸ್ ಕಾಳಿನ ಆಕಾರ ಬರುವವರೆಗೆ. ಉದ್ದದ ದಿಕ್ಕಿಗೆ ಅಲ್ಲ. ತಿಳಿಯದಿದ್ದರೆ ಹಾಳೆಯ ಹಿಂದೆ ಚಿತ್ರ ಬರೆದಿದ್ದೇನೆ, ಬಾಣದ ಗುರುತು ನೋಡು. ಚಿತ್ರದಲ್ಲಿ ಮೇಜು ಹಂದಿಯ ಹಾಗೆ ಕಾಣುತ್ತದೆ, ನಗಬೇಡ. ಆಮೇಲೆ ಒಂದೊಂದು ಸ್ಕ್ರೂಗೂ ವಾಷರ್ ಹಾಕಿ ವಾಪಸು ಕೂರಿಸಿ. ಬಿಗಿ ಬೇಡ. ಕೈಗೆ ತಾಗುವಷ್ಟು ಬಂದರೆ ನಿಲ್ಲಿಸಿ. ರೇಲ್ಯಾ ಡ್ರಿಲ್ಲು ತರುತ್ತೇನೆ ಎಂದರೆ ಬೇಡ ಎನ್ನು. ಕೈ ಜಾರಿದರೆ ಮೇಲಿನವರೆಗೂ ತೂತಾದೀತು.

ವಾಷರುಗಳೂ ಒಂದು ಸಣ್ಣ ಅರವೂ ಈ ಕಾಗದದ ಜೊತೆಯ ಪೊಟ್ಟಣದಲ್ಲಿವೆ. ಅವನ್ನು ಕೊಟ್ಟವನು ವುಕೋಮಾನ್. ಭಾನುವಾರ ಉಳಿದವರೆಲ್ಲ ಇಗರ್ಜಿಯಲ್ಲಿದ್ದಾಗ ಬಂದು ಬಾಗಿಲು ತಟ್ಟಿದ. "ಇದನ್ನ ಹುಡುಗಿಗೆ ಕಳ್ಸು. ಆ ಶಾಂಡರ್‌ಗೆ ಮಾತ್ರ ನಾನು ಕೊಟ್ಟೆ ಅಂತ ಹೇಳಬ್ಯಾಡ, ಸಾಯೋವರೆಗೂ ಆಡ್ಕೋತಾನೆ" ಎಂದ. ಹೋಗುವಾಗ ತಿರುಗಿ ನಿಂತು, "ಒಡೆದಿಲ್ಲ ತಾನೇ?" ಎಂದು ಕೇಳಿದ. ಪಾಪ, ಅವನೂ ನಿದ್ದೆಗೆಟ್ಟಿದ್ದ ಅಂತ ಕಾಣುತ್ತದೆ. ಇನ್ನೂ ಇಲ್ಲ ಎಂದೆ.

ನಿಮ್ಮಪ್ಪ ಇಷ್ಟೆಲ್ಲ ಬರೆಯುವ ಬದಲು "ನಾನೇ ಬಸ್ಸು ಹತ್ತಿ ಹೋಗಿ ಬಿಚ್ಚಿ ಬರ್ತೀನಿ ಬಿಡು" ಎಂದರು. ನಾನು ಬೇಡವೆಂದೆ. "ಯಾಕೆ?" ಎಂದರು. ನಿಮ್ಮ ಬೆನ್ನು ಸರಿಯಿಲ್ಲವಲ್ಲ ಎಂದೆ. "ನನ್ನ ಬೆನ್ನಿಗೆ ಏನಾಗಿದೆ?" ಎಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡರು.

ನನಗೆ ಇಷ್ಟು ದಿಗಿಲು ಯಾಕೆಂದರೆ ನವೆಂಬರ್ ಎಂಟಕ್ಕೆ ನಿಮ್ಮ ಮನೆಯ ಸಂತನ ಹಬ್ಬ, ಸ್ಲಾವಾ. ಸ್ಲಾವಾಕ್ಕೆ ಯಾರನ್ನೂ ಕರೆಯುವಂತಿಲ್ಲ, ಯಾರು ಬಂದರೂ ಕೂರಿಸಬೇಕು. ನಿಮ್ಮಲ್ಲಿ ಇಪ್ಪತ್ತು ಜನಕ್ಕೆ ಕಡಿಮೆಯಿಲ್ಲ ಎಂದು ನೀನೇ ಹೇಳಿದ್ದೆ. ಅದಕ್ಕೇ ಅಷ್ಟು ಉದ್ದ ಮಾಡಿದ್ದು. ಮೇಣದ ಬತ್ತಿ ಹಚ್ಚಿ, ಎಲ್ಲರೂ ಎದ್ದು ನಿಂತು, ರೇಲ್ಯಾ ಹಬ್ಬದ ರೊಟ್ಟಿ ಹಿಡಿದು ತಿರುಗಿಸುತ್ತಿರುವಾಗ ಕೆಳಗಿನಿಂದ ಢಬ್ ಎಂದರೆ? ಮನೆಗೆ ಹೊಸದಾಗಿ ಬಂದ ಸೊಸೆಯ ತಾಯಿ ಮಾಡಿದ ಮೇಜು, ಹಬ್ಬದ ದಿನವೇ ಒಡೆಯಿತು ಎಂದು ಅವರ ಕಡೆಯ ಮುದುಕಿಯರು ಏನೇನು ಅರ್ಥ ಕಟ್ಟುತ್ತಾರೋ. ನನ್ನ ಮೇಲೆ ಬಂದರೆ ಬರಲಿ. ನಿನ್ನ ಮೇಲೆ ಬರುತ್ತದೆ. ನೀನು ಆ ಮನೆಗೆ ಹೋಗಿ ಒಂದು ವರ್ಷವೂ ಆಗಿಲ್ಲ.

ಮೇಜನ್ನು ರೇಡಿಯೇಟರಿನ ಪಕ್ಕ ಇಡಬೇಡಿ, ಒಂದು ಮೀಟರಾದರೂ ಬಿಡಿ. ರೇಡಿಯೇಟರಿನ ಮೇಲೆ ಬಟ್ಟಲಿನಲ್ಲಿ ನೀರಿಡಿ. ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟರೆ ಚಿಂತೆಯಿಲ್ಲ, ಕಲೆಯಾದರೆ ಎಣ್ಣೆ ಒರೆಸಿದರೆ ಹೋಗುತ್ತದೆ. ನನ್ನ ಮೇಜು ಎಂದು ಮುಟ್ಟದೆ ಇಡಬೇಡಿ.

ಇಲ್ಲಿ ಎಲ್ಲ ಸರಿಯಾಗಿದೆ. ಅಯ್ವರ್ ಮೂವತ್ತು ಬಾಟಲಿ ಆಯಿತು, ಹತ್ತು ನಿಮಗೆ. ಕಾರು ಮಾರಿದ ಮೇಲೆ ಗ್ಯಾರೇಜನ್ನು ಬಾಡಿಗೆಗೆ ಕೊಡೋಣ ಎನ್ನುತ್ತಿದ್ದ ನಿಮ್ಮಪ್ಪ ಈಗ ಬಂದವರಿಗೆಲ್ಲ "ಒಳಗೆ ನನ್ನ ಹೆಂಡ್ತೀನ ನಿಲ್ಲಿಸಿದ್ದೀನಿ, ಜಾಗ ಇಲ್ಲ" ಎನ್ನುತ್ತಾರೆ.

ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ರೇಲ್ಯಾನಿಗೆ ಮುತ್ತು. ನೀನು ಹಿಡಿದ ಕೆಲಸವೆಲ್ಲ ಸಲೀಸಾಗಲಿ, ನೀನಿರುವ ಮನೆ ಬೆಚ್ಚಗಿರಲಿ, ನೀನು ಊಟಕ್ಕೆ ಕೂತಾಗ ಜೊತೆಗೆ ಯಾವಾಗಲೂ ಜನ ಇರಲಿ. ದೇವರು ಕಾಪಾಡಲಿ.

ನಿನ್ನ
ಅಮ್ಮ

ಮರೆತಿದ್ದು: ನಿಮ್ಮಪ್ಪನಿಗೆ ಮೇಲಿನದನ್ನೆಲ್ಲ ಓದಿ ಹೇಳಿದೆ. ಇದನ್ನು ಅವರು ಅಂಚೆಚೀಟಿ ತರಲು ಹೋಗಿರುವಾಗ ಬರೆಯುತ್ತಿದ್ದೇನೆ. ಮರೆತಿದ್ದು ಎಂದು ಬರೆದದ್ದೂ ಸುಳ್ಳು.

ಆಗಸ್ಟಿನಲ್ಲಿ ಹೊರಡುವಾಗ ಅಪ್ಪ, ವುಕೋಮಾನ್ ಇಬ್ಬರೂ ಕೆಳಗೆ ಮೇಜು ತಂದ ವ್ಯಾನಿನಲ್ಲಿದ್ದರು. ನಾನು ನಿಮ್ಮ ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದೆ, ಬಗ್ಗಿದ್ದರಿಂದ ನಿಮಗೆ ಕಾಣಲಿಲ್ಲ. ನಿಮ್ಮತ್ತೆ "ಇಷ್ಟು ದೊಡ್ಡದನ್ನ ಎಲ್ಲಿಡೋದಮ್ಮಾ? ನಮ್ಮ ಮೇಜು ಚೆನ್ನಾಗೇ ಇತ್ತಲ್ಲ" ಎಂದರು. ಅದಕ್ಕೆ ನನಗೆ ಏನೂ ಅನ್ನಿಸಲಿಲ್ಲ, ಮನೆ ಅವರದು. ನೀನು ಮೆತ್ತಗೆ, "ಅಮ್ಮ ಹೊರಡ್ಲಿ ಅತ್ತೆ, ಆಮೇಲೆ ಬಾಲ್ಕನಿಗೆ ಹಾಕೋಣ" ಎಂದೆ.

ಬಾಲ್ಕನಿಗೆ ರೇಡಿಯೇಟರಿನ ಬಿಸಿ ಬರುವುದಿಲ್ಲ. ಮೇಜು ಅಲ್ಲಿದ್ದರೆ ಈ ಕಾಗದ ಬೇಕಾಗಿಯೇ ಇರಲಿಲ್ಲ. ಹೊರಗಿಟ್ಟ ಮೇಜಿಗೆ ಸ್ಕ್ರೂ ಸಡಿಲ ಮಾಡಬೇಕೋ ಬೇಡವೋ ನನಗೆ ಗೊತ್ತಿಲ್ಲ. ಶಾಂಡರ್ ಬಾಚಿಯನ್ನು ಕೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಕೇಳಿದರೆ "ಯಾರ ಮೇಜು ಹೊರಗಿರೋದು?" ಎನ್ನುತ್ತಾರೆ. ಅದಕ್ಕೇ ಕೇಳಲಿಲ್ಲ. ನನಗೆ ತೋಚಿದ್ದು ಇಷ್ಟೇ: ಕಾಲುಗಳ ಕೆಳಗೆ ಒಂದೊಂದು ತುಂಡು ಹಲಗೆ ಕೊಡಿ, ನೀರು ನಿಲ್ಲಬಾರದು. ಮೇಲೊಂದು ಮೇಣಬಟ್ಟೆ ಹೊದಿಸಿ, ಆದರೆ ಗಾಳಿ ಆಡುವ ಹಾಗಿರಲಿ.

ಮೇಜು ಒಡೆದಿಲ್ಲ ಎಂದು ಮಾತ್ರ ಬರೆ. ಎಲ್ಲಿದೆ ಎಂದು ಬರೆಯಬೇಡ. ಫೋಟೋ ಕಳಿಸಬೇಡ.